ಬಾಗಿಲ ಹೊರಗೆ ಕೂತ ಗೆಳತಿ

ಗೊರಗುಂಟೆಪಾಳ್ಯದ ಸಿಗ್ನಲ್ ದಾಟಿದರೆ, ಮೇಲ್ಸೇತುವೆಯ ನೆರಳಿಗೆ ಅಂಟಿಕೊಂಡ ಅಂಗಡಿಗಳ ಸಾಲಿನಲ್ಲಿ ಮೋಟಾರ್ ರಿವೈಂಡಿಂಗ್ ಮಾಡುವ ಮಳಿಗೆಯೊಂದಿದೆ. ಕಳೆದ ತಿಂಗಳು ಅದರ ಮುಂದೆ ಹಾದುಹೋಗುವಾಗ ನನ್ನ ಕಾಲುಗಳು ನಿಂತುಬಿಟ್ಟವು. ಒಳಗೆ ಒಬ್ಬಾತ ತಾಮ್ರದ ಸುರುಳಿಯನ್ನು ವಾರ್ನಿಶ್ ಡಬ್ಬಿಯಲ್ಲಿ ಅದ್ದಿ ಎತ್ತುತ್ತಿದ್ದ. ಮೂಗಿಗೆ ಸಿಹಿಯಾಗಿ ತಗುಲಿ, ಗಂಟಲಿಗೆ ಇಳಿಯುವಷ್ಟರಲ್ಲಿ ಕಹಿಯಾಗುವ ಆ ವಾಸನೆ. ನಾನು ಮೊದಲು ಹುಡುಕಿದ್ದು ಅಂಗಡಿಯ ಬಾಗಿಲನ್ನು. ಬಾಗಿಲಿರಲಿಲ್ಲ, ಶಟರ್ ಇತ್ತು, ಪೂರ್ತಿ ಮೇಲಕ್ಕೆ ಸುತ್ತಿತ್ತು. ಅದು ಅಕಸ್ಮಾತ್ ಕೆಳಗೆ ಬಿದ್ದು ಸಿಕ್ಕಿಕೊಂಡರೆ ಈ ಮನುಷ್ಯ ಎಲ್ಲಿಂದ ಹೊರಗೆ ಬರುತ್ತಾನೆ ಎಂದು ಹಿಂಗೋಡೆಯನ್ನೂ ನೋಡಿದೆ.

"ಏನ್ ಬೇಕಿತ್ತು ಮೇಡಂ? ಮಿಕ್ಸಿನಾ, ಪಂಪ್‌ಸೆಟ್ಟಾ?"

"ಏನಿಲ್ಲ" ಎಂದೆ. ಮುಂದೆ ನಡೆದೆ. ಅಲ್ಲಿಂದ ಎರಡು ಗಲ್ಲಿ ಆಚೆಗಿದ್ದ ಹಳೆಯ ಗೆಳತಿ ಮೆಹರುನ್ನೀಸಾಳ ಮನೆಗೆ ಹೊರಟವಳು ನಾನು. ಪ್ರತಿ ಸಲ ಬೇರೆ ದಾರಿಯಲ್ಲಿ ಬರುತ್ತಿದ್ದೆ. ಅಂದು ಆ ದಾರಿ ಅಗೆದಿದ್ದರು.

1983ರ ಕಾರ್ತಿಕದಿಂದ ಸಂಕ್ರಾಂತಿ ದಾಟುವ ತನಕದ ಮಾತು ಇದು. ಅಣ್ಣನ ಜೊತೆ ಗದಗಿನಿಂದ ಬಂದು ಮತ್ತೀಕೆರೆಯಲ್ಲಿ ಒಂದು ಕೋಣೆಯ ಮನೆ ಹಿಡಿದಿದ್ದೆವು. ಬಿ.ಎ. ಪಾಸಾಗಿದ್ದರೂ ನನಗೆ ಸಿಕ್ಕಿದ್ದು ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಸುರುಳಿಗೆ ಟೇಪು ಸುತ್ತುವ ಕೆಲಸ. ಮೋಟಾರುಗಳ ಒಳಗೆ ಕೂರುವ ತಾಮ್ರದ ಸುರುಳಿಗಳನ್ನು ಅಲ್ಲಿ ಮಾಡುತ್ತಿದ್ದರು. ಸುತ್ತುವುದು, ಟೇಪು ಹಾಕುವುದು, ಆಮೇಲೆ ವಾರ್ನಿಶ್ ತೊಟ್ಟಿಯಲ್ಲಿ ಅದ್ದಿ ಒಣಗಿಸುವುದು. ಎಲ್ಲವೂ ಹೆಂಗಸರ ಕೈಯಲ್ಲಿ.

ವಾರ್ನಿಶ್ ಕೋಣೆ ನನ್ನ ಬೆಂಚಿನ ಬಲಕ್ಕಿತ್ತು. ಅದರ ಬಾಗಿಲಿಗೆ ಚಿಲಕ ಹೊರಗಡೆಯಿಂದ. ಹಸಿ ವಾರ್ನಿಶ್ ಮೇಲೆ ಒಂದು ಕಣ ಧೂಳು ಕೂತರೂ ಇಡೀ ತಟ್ಟೆ ಸುರುಳಿ ತಿರಸ್ಕಾರವಾಗುತ್ತಿತ್ತು. ಅದಕ್ಕೇ ಒಂದು ತಟ್ಟೆ ಮುಗಿಯುವವರೆಗೆ ಯಾರೂ ಬಾಗಿಲು ತೆರೆಯಕೂಡದು ಎಂದು ಮೇಲ್ವಿಚಾರಕರ ಕಟ್ಟಪ್ಪಣೆ. ಮುಗಿದಾಗ ಒಳಗಿನವರು ಮೂರು ಸಲ ಬಡಿಯಬೇಕು, ಹೊರಗಿನವರು ಚಿಲಕ ತೆಗೆಯಬೇಕು. ಹೊರಗಿನವರು ಎಂದರೆ ನಾನು. ಹತ್ತಿರದ ಬೆಂಚು ನನ್ನದಾಗಿತ್ತು, ಅಷ್ಟೇ ಕಾರಣ.

ಒಳಗೆ ಇಬ್ಬರಿರುತ್ತಿದ್ದರು. ರಾಜಾನುಕುಂಟೆಯಿಂದ ಬರುತ್ತಿದ್ದ ಗಂಗಮ್ಮ, ನಲವತ್ತು ದಾಟಿದವಳು. ಇನ್ನೊಬ್ಬಳು ಮೆಹರುನ್ನೀಸಾ, ನನ್ನ ವಯಸ್ಸಿನವಳೇ. ಪಿಯುಸಿ ಮುಗಿಸಿ ಬಂದವಳು. ಮನೆಯಲ್ಲಿ ದಖನಿ, ಹೊರಗೆ ಎಲ್ಲರನ್ನೂ ನಗಿಸುವ ಕನ್ನಡ. ನನ್ನ ಹೆಸರು ಸುವರ್ಣಾ ಎಂಬುದು ಅವಳಿಗೆ ನೆನಪಿತ್ತೋ ಇಲ್ಲವೋ, ಕರೆಯುತ್ತಿದ್ದುದು "ಏ ಗದಗು" ಎಂದೇ. ಸಂಜೆ ಕೋಣೆಯಿಂದ ಹೊರಬಂದಾಗ ಅವಳ ಕಣ್ಣು ಕೆಂಪಗಿರುತ್ತಿತ್ತು. ಊಟದ ರುಚಿ ಗೊತ್ತಾಗುತ್ತಿಲ್ಲ, ಅಮ್ಮನ ಬಿರಿಯಾನಿಯೂ ವಾರ್ನಿಶ್ ಥರ ಇರುತ್ತದೆ ಎಂದು ನಗುತ್ತಲೇ ಹೇಳುತ್ತಿದ್ದಳು.

ಗಂಗಮ್ಮ ನಗುತ್ತಿರಲಿಲ್ಲ. "ಇಂಗೆ ಒರಗ್ನಿಂದ ಚಿಲ್ಕ ಆಕೋದು ಕೋಳಿಗೂಡಿಗೆ ಕಣವ್ವ" ಎಂದು ನನ್ನ ಮುಖ ನೋಡಿ ಅನ್ನುತ್ತಿದ್ದಳು, ಗೂಡು ಕಟ್ಟಿದವಳು ನಾನೇ ಎಂಬಂತೆ.

ಆ ಕಾರ್ತಿಕದಲ್ಲಿ ನೋಟಿಸು ಬಂತು. ಹೊರದೇಶದ ಗಿರಾಕಿಗಳು ಮಾಲು ನೋಡಲು ಬರುವವರಿದ್ದರು. ಅವರೊಡನೆ ಮಾತಾಡಬಲ್ಲ ಇಬ್ಬರು ತಪಾಸಣೆಗಾರರು ಬೇಕು. ಓದಿದ ಹೆಂಗಸರು ಇಂಗ್ಲಿಷ್ ಮಾತಿನ ಪರೀಕ್ಷೆಗೆ ಕೂರಬಹುದು. ಹತ್ತು ನಿಮಿಷ, ಬರೀ ಮಾತು, ಎಲ್ಲವೂ ತಮ್ಮ ಬಗ್ಗೆಯೇ ಪ್ರಶ್ನೆಗಳು: ಊರು, ಮನೆ, ಇಷ್ಟ, ಕೆಲಸ. ತಪಾಸಣೆಯ ಕೋಣೆ ಮಹಡಿಯ ಮೇಲಿತ್ತು. ನಾಲ್ಕು ಕಿಟಕಿ, ಎಲ್ಲವೂ ತೆರೆಯುವಂಥವು. ಮೆಹರು ನೋಟಿಸಿನ ಮುಂದೆ ನಿಂತು, "ಗದಗು, ಆ ರೂಮಿಂದ ನಾನ್ ಆಚೆ ಬರೋಕೆ ಇದೊಂದೇ ದಾರಿ ಕಣೆ" ಎಂದಳು. ಅವಳ ದನಿಯಲ್ಲಿ ತಮಾಷೆ ಇಲ್ಲದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹೆಬ್ಬಾಳದಲ್ಲಿ ಶ್ರೀಕಂಠಯ್ಯ ಎಂಬ ಮೇಷ್ಟ್ರಿದ್ದರು. ಕಾಲೇಜೊಂದರ ಗ್ರಂಥಾಲಯದಿಂದ ನಿವೃತ್ತರಾಗಿ, ಕೆರೆಯ ಕಡೆಗೆ ಮುಖ ಮಾಡಿದ ಜಗುಲಿಯಲ್ಲಿ ಭಾನುವಾರ ಬೆಳಿಗ್ಗೆ ಇಂಗ್ಲಿಷ್ ಮಾತಾಡುವುದನ್ನು ಕಲಿಸುತ್ತಿದ್ದರು. ನಾವಿಬ್ಬರೂ ಮೊದಲ ಬಸ್ಸಿಗೆ ಹೋಗುತ್ತಿದ್ದೆವು. ಆ ವರ್ಷದ ಚಳಿ ಕೆಟ್ಟದಾಗಿತ್ತು. ಕೆರೆಯ ಮೇಲೆ ಮಂಜು ಎಷ್ಟು ದಟ್ಟವೆಂದರೆ, ನೀರು ಎಲ್ಲಿ ಮುಗಿದು ದಂಡೆ ಎಲ್ಲಿ ಶುರುವಾಗುತ್ತದೆಂದು ತಿಳಿಯುತ್ತಿರಲಿಲ್ಲ. ಒಳಗೆಲ್ಲೋ ಹಕ್ಕಿಗಳ ಸದ್ದು ಮಾತ್ರ. ಮೇಷ್ಟ್ರು ಮಫ್ಲರ್ ಸುತ್ತಿಕೊಂಡು, ಬಾಯಿಂದ ಹೊಗೆಯಂಥ ಉಸಿರು ಬಿಡುತ್ತ ಪ್ರಶ್ನೆ ಕೇಳುತ್ತಿದ್ದರು.

"ವಾಟ್ ಡಸ್ ಯುವರ್ ಫಾದರ್ ಡೂ?"

"ಬಿಸಿನೆಸ್, ಸರ್" ಎಂದಳು ಮೆಹರು.

"ಯಾವ ಬಿಸಿನೆಸ್ಸಮ್ಮ?"

ಅವಳು ತಲೆ ತಗ್ಗಿಸಿದಳು. ಅವಳ ಅಪ್ಪ ಯಶವಂತಪುರದ ಮಂಡಿಗೆ ಬರುವ ಗಾಡಿ ಎತ್ತುಗಳಿಗೆ ಲಾಳ ಕಟ್ಟುತ್ತಿದ್ದರು. ನಾನೇ ಅದನ್ನು ಹೇಳಿಬಿಟ್ಟೆ. ಅವಳು ನನ್ನ ತೊಡೆ ಚಿವುಟಿದಳು.

ಮೇಷ್ಟ್ರ ಮುಖ ಅರಳಿತು. "ಅಯ್ಯೋ ಹುಚ್ಚಿ, ಇದನ್ನ ಬಚ್ಚಿಡ್ತೀಯಾ? ಬಿಸಿನೆಸ್ ಅಂದ್ರೆ ಕೇಳ್ದೋರು ಅಲ್ಲೇ ಮರೀತಾರೆ. ಎತ್ತಿಗೆ ಲಾಳ ಕಟ್ಟೋರನ್ನ ಯಾರಾದ್ರೂ ಮರೀತಾರೇನು? ಎತ್ತನ್ನ ಹೆಂಗೆ ಬೀಳಿಸ್ತಾರೆ, ಹೇಳು ನೋಡೋಣ."

ಅವಳು ಮೊದಲು ಕನ್ನಡದಲ್ಲಿ ಹೇಳಿದಳು. ಹಗ್ಗವನ್ನು ಕಾಲಿಗೆ ಹೇಗೆ ಹಾಕುತ್ತಾರೆ, ಎತ್ತು ಬೀಳುವಾಗ ಅಪ್ಪ ಅದರ ಕಿವಿಯಲ್ಲಿ ಏನೋ ಪಿಸುಗುಡುತ್ತಾರೆ, ಏನೆಂದು ಮಗಳಿಗೂ ಹೇಳಿಲ್ಲ. ಆಮೇಲೆ ಇಂಗ್ಲಿಷಿನಲ್ಲಿ, ತಡವರಿಸುತ್ತ. ಆ ಬೆಳಿಗ್ಗೆ ಮೇಷ್ಟ್ರು ತಮ್ಮ ಒಂದೇ ಪಾಠವನ್ನು ಕೊಟ್ಟರು. ಅವರ ಉಳಿದೆಲ್ಲ ಪಾಠಗಳೂ ಇದರ ಮರುಕಳಿಕೆಯೇ. ನಿಮ್ಮ ಬಗ್ಗೆ ಯಾರಾದರೂ ಪ್ರಶ್ನೆ ಕೇಳಿದರೆ ಒಂದು ಪದದಲ್ಲಿ ಮುಗಿಸಬೇಡಿ. ಮೂರು ಹೆಜ್ಜೆ ಇಡಿ. ಮೊದಲು ಉತ್ತರ. ಆಮೇಲೆ ಯಾಕೆ ಎಂಬುದು. ಕೊನೆಗೆ, ನೀವೇ ಕಣ್ಣಾರೆ ಕಂಡದ್ದೊಂದು. ಮೂರನೆಯದು ಇಲ್ಲದಿದ್ದರೆ ಮೊದಲೆರಡನ್ನು ಯಾರೂ ನಂಬುವುದಿಲ್ಲ.

ಮಾರ್ಗಶಿರದ ಒಂದು ಭಾನುವಾರ ಮೇಷ್ಟ್ರು ಅವಳನ್ನು ಕೇಳಿದರು: "ಡೂ ಯು ಲೈಕ್ ಯುವರ್ ವರ್ಕ್?"

ಮೆಹರು ಮೂರು ಹೆಜ್ಜೆಯಿಟ್ಟಳು. ಇಷ್ಟವಿಲ್ಲ. ಏಕೆಂದರೆ ನನಗೆ ಅಲ್ಲಿ ಭಯ. ನಮ್ಮ ಕೋಣೆಯ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ. ಗಾಳಿ ಹೊರಹಾಕುವ ಫ್ಯಾನಿನ ಸ್ವಿಚ್ಚು ಹಾಕಿದಾಗ ಒಂದು ನೀಲಿ ಕಿಡಿ ಹಾರುತ್ತದೆ, ದಿನಾ ಬೆಳಿಗ್ಗೆ ನಾನು ಕಣ್ಣು ಮುಚ್ಚಿ ಅದನ್ನು ಒತ್ತುತ್ತೇನೆ.

ಎಲ್ಲೂ ತಡವರಿಸಲಿಲ್ಲ. ಮೇಷ್ಟ್ರು ಮಫ್ಲರ್ ಬಿಚ್ಚಿ ಮತ್ತೆ ಸುತ್ತಿಕೊಂಡರು. "ಇಲ್ಲಿ ತನಕ ನೀನು ಕೊಟ್ಟ ಉತ್ತರಗಳಲ್ಲಿ ಇದೇ ಚೆನ್ನಾಗಿರೋದು. ಅಲ್ಲಿ ಹೇಳೋದು ಬಿಡೋದು ನಿನಗೆ ಬಿಟ್ಟಿದ್ದು" ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಅವಳ ಬೆನ್ನು ಹತ್ತಿದೆ.

"ಹುಚ್ಚು ಹಿಡದೈತೇನ ನಿನಗ? ಪರೀಕ್ಷೆ ತಗೊಳ್ಳಾಕ ಕಾಲೇಜಿನ ಲೆಕ್ಚರರ್ ಒಬ್ಬರೇ ಕೂಡ್ರಂಗಿಲ್ಲ. ಬಾಜೂಕ ನಮ್ಮ ಪರ್ಸನೆಲ್ ಆಫೀಸರ್ ಕೂತಿರ್ತಾರ. ಅವರ ಮುಂದ ಕಿಡಿ, ಚಿಲಕ ಅಂದ್ರ ಅದೇ ಕೋಣ್ಯಾಗ ಮುದುಕಿ ಆಗ್ತಿ."

"ಸುಳ್ಳು ಹೇಳ್ಲಾ?"

"ಹೊರಗ ಬರೂತನಕ ಹೇಳು. ಮಹಡಿ ಮ್ಯಾಲ ಹೋದ ಮ್ಯಾಲ ಇಬ್ಬರೂ ಕೂಡಿ ಚಿಲಕದ ಅರ್ಜಿ ಬರಿಯೂಣು."

ಬಸ್ ಟಿಕೆಟ್ಟಿನ ಹಿಂದೆ ಜಾಗ ಸಾಲದೆ, ಅವಳ ನೋಟ್‌ಬುಕ್ಕಿನಲ್ಲಿ ನಾನೇ ಬರೆದುಕೊಟ್ಟೆ. ನನ್ನ ಕೈಬರಹ, ನೀಲಿ ಶಾಯಿ. ಯಸ್, ಐ ಲೈಕ್ ಮೈ ವರ್ಕ್. ಬಿಕಾಸ್ ಮೈ ವರ್ಕ್‌ಪ್ಲೇಸ್ ಈಸ್ ಕ್ಲೀನ್ ಅಂಡ್ ಸೇಫ್. ಮೂರನೆಯ ಹೆಜ್ಜೆಗೆ ಇಬ್ಬರಿಗೂ ಏನೂ ಹೊಳೆಯಲಿಲ್ಲ. ಕಣ್ಣಾರೆ ಕಂಡದ್ದು ಏನಿತ್ತು ಅಲ್ಲಿ? ಆ ಸಾಲನ್ನು ಖಾಲಿ ಬಿಟ್ಟೆವು.

ಪರೀಕ್ಷೆ ಎರಡು ತಂಡದಲ್ಲಿ ನಡೆಯಿತು. ಮೆಹರು ಮೊದಲ ತಂಡ. ನಾನು ಹತ್ತು ದಿನದ ಮೇಲಿನ ಎರಡನೆಯದು. ಪರೀಕ್ಷೆ ಮುಗಿಸಿ ಅವಳು ಕ್ಯಾಂಟೀನಿಗೆ ಓಡಿಬಂದಳು, ಟೀ ಚೆಲ್ಲಿಕೊಂಡು ಕೂತಳು.

"ಲಾಳದ ಕಥೆಗೆ ಲೆಕ್ಚರರ್ ನಕ್ಕಿದ್ದೂ ನಕ್ಕಿದ್ದೇ. ಎತ್ತಿನ ಕಿವೀಲಿ ನಿಮ್ಮಪ್ಪ ಏನ್ ಹೇಳ್ತಾರೆ ಅಂತ ಎರಡ್ ಸಲ ಕೇಳಿದ್ರು. ಆಮೇಲೆ ಬಂತು ನೋಡು, ಕೆಲಸ ಇಷ್ಟಾನಾ ಅಂತ. ಆಫೀಸರ್ ನನ್ನೇ ನೋಡ್ತಾ ಇದ್ರು. ಕ್ಲೀನ್ ಅಂಡ್ ಸೇಫ್ ಅಂದೆ. ಲೆಕ್ಚರರ್ 'ಹೌ ಸೇಫ್?' ಅಂದ್ಬಿಟ್ರು."

"ಏನಂದಿ ಮತ್ತ?"

"ನಿನ್ ವಿಷ್ಯ ಹೇಳ್ಬಿಟ್ಟೆ." ಅವಳು ನಕ್ಕಳು. "ಫಾರ್ ಎಗ್ಸಾಂಪಲ್, ಮೈ ಫ್ರೆಂಡ್ ಸಿಟ್ಸ್ ಔಟ್‌ಸೈಡ್ ದ ಡೋರ್. ವೆನ್ ಐ ನಾಕ್, ಶಿ ಓಪನ್ಸ್ ಅಟ್ ಒನ್ಸ್. ಹೆಂಗೆ? ಕಣ್ಣಾರೆ ಕಂಡಿದ್ದೇ ತಾನೆ?"

ಅವಳು ಪಾಸಾದಳು. ಒಂದನೇ ತಾರೀಖಿನಿಂದ ಮಹಡಿಗೆ ಎಂದು ಬಾಯಿಮಾತಿನಲ್ಲಿ ಹೇಳಿದರು. ಇನ್ನು ಎರಡು ವಾರ ಅದೇ ಕೋಣೆ. ಆ ದಿನಗಳಲ್ಲಿ ಅವಳು ನೆಲಕ್ಕೆ ಕಾಲಿಟ್ಟು ನಡೆಯುತ್ತಿರಲಿಲ್ಲ. ಮೂರು ಸಲ ಬಡಿಯುವುದು ಅವಳಿಗೆ ಸಾಲದಾಯಿತು. ಮದುವೆ ಮನೆಯ ಢೋಲಕ್ಕಿನ ಹಾಗೆ ಬಾಗಿಲ ಮೇಲೆ ಎರಡೂ ಕೈಯಲ್ಲಿ ಬಾರಿಸುತ್ತಿದ್ದಳು. ನಾನು ಚಿಲಕ ತೆಗೆದರೆ, "ನಿನ್ನ ಪಾಠ ಕೆಡಿಸೋಕೆ ಬಾರಿಸ್ದೆ, ಬಾಗಿಲು ತೆಗಿ ಅಂದ್ನಾ? ತಟ್ಟೆ ಇನ್ನೂ ಮುಗ್ದಿಲ್ಲ, ಹಾಕು ಹಾಕು" ಎಂದು ನಗುತ್ತಿದ್ದಳು. ಎರಡು ಸಲ ಹೀಗಾಯಿತು. ಎರಡನೆಯ ಸಲ ಮೇಲ್ವಿಚಾರಕರು ನೋಡಿ, ಮೂರು ಬಡಿತ ಅಲ್ಲದೆ ಬೇರೆ ಯಾವುದಕ್ಕೂ ಬಾಗಿಲು ತೆಗೆದರೆ ಧೂಳು ಬಿದ್ದ ಮಾಲು ನಿನ್ನ ತಲೆಗೆ ಕಟ್ಟುತ್ತೇನೆ ಎಂದು ನನಗೆ ಬೈದರು.

ನನ್ನ ಪರೀಕ್ಷೆಯ ಹಿಂದಿನ ದಿನ, ಊಟದ ಗಂಟೆ ಮುಗಿದು ಅರ್ಧ ತಾಸಾಗಿತ್ತು. ಹೊರಗೆ ಬಿಸಿಲಿಲ್ಲದ, ಬೂದಿ ಬಣ್ಣದ ಮಧ್ಯಾಹ್ನ. ನಾನು ಬೆಂಚಿನ ಮೇಲೆ ಟೇಪು ಸುತ್ತುತ್ತ ನನ್ನ ಉತ್ತರಗಳನ್ನು ಬಾಯಿಪಾಠ ಮಾಡುತ್ತಿದ್ದೆ. ಅದೇ ಪ್ರಶ್ನೆ ನನಗೂ ಬರಬಹುದೆಂದು ಅದೇ ಉತ್ತರ. ಯಸ್, ಐ ಲೈಕ್ ಮೈ ವರ್ಕ್.

ಬಾಗಿಲು ಬಡಿದ ಸದ್ದು. ಮೂರಲ್ಲ. ಎರಡೂ ಕೈಯಲ್ಲಿ, ಬಿಡದೆ, ಢೋಲಕ್ಕಿನ ಹಾಗೆ.

ನಾನು ನಕ್ಕೆ. ಈ ಮಾತು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ನಾನು ನಕ್ಕು, ಬಾಗಿಲ ಕಡೆ ತಿರುಗದೆಯೇ, ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಹೇಳಿದೆ: "ಪ್ಲೀಸ್ ವೇಟ್, ಐ ಆಮ್ ಪ್ರಿಪೇರಿಂಗ್." ಪಕ್ಕದ ಬೆಂಚಿನವರೂ ನಕ್ಕರು. ಮತ್ತೆ ಮೊದಲಿನಿಂದ ಉತ್ತರ ಶುರುಮಾಡಿದೆ. ಬಡಿತ ನಡೆದೇ ಇತ್ತು. ಕ್ಲೀನ್ ಅಂಡ್ ಸೇಫ್ ಎನ್ನುವವರೆಗೆ ಬಂದೆ. ಆಗ ಬಡಿತದಲ್ಲಿ ತಾಳ ಇಲ್ಲದ್ದು ಗೊತ್ತಾಯಿತು. ಬಾಗಿಲ ಕೆಳಗಿನ ಸಂದಿಯಿಂದ ಆ ಸಿಹಿ ವಾಸನೆ ಬೇರೆಯದೇ ಆಗಿ, ಕಪ್ಪಾಗಿ ಬರುತ್ತಿತ್ತು.

ಚಿಲಕ ಕಾದಿತ್ತು. ಎಳೆದಾಗ ಅಂಗೈಯ ಚರ್ಮ ಅದಕ್ಕೇ ಅಂಟಿತು. ಬಾಗಿಲು ತೆರೆದ ಕೂಡಲೇ ಗಾಳಿ ಒಳನುಗ್ಗಿದ ಸದ್ದು, ಬಟ್ಟೆ ಹರಿದ ಹಾಗೆ. ಮೆಹರು ಮೊಣಕಾಲ ಮೇಲೆ ಹೊರಬಂದಳು. ಎರಡೂ ಕೈಗಳನ್ನು ಮುಂದೆ ಎತ್ತಿ ಹಿಡಿದಿದ್ದಳು, ಯಾರಿಗೋ ಏನೋ ಕೊಡಲು ಬಂದವಳಂತೆ. ಅವಳ ಹಿಂದೆ ಬೆಂಕಿ ಸದ್ದೇ ಇಲ್ಲದೆ ಚಾವಣಿಯುದ್ದಕ್ಕೂ ಹರಡಿತ್ತು. ಗಂಗಮ್ಮ ತೊಟ್ಟಿಯ ಆಚೆ ಇದ್ದಳು. ಗಂಡಾಳುಗಳು ಮರಳು ಎರಚಿ ಒಳಹೋಗಿ ಅವಳನ್ನು ಎತ್ತಿ ತಂದರು. ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅವಳ ಊರಿನವರು ಟೆಂಪೋದಲ್ಲಿ ಬಂದು ಕರೆದುಕೊಂಡು ಹೋದರು. ಅವರಲ್ಲಿ ಒಬ್ಬಾಕೆ ನನ್ನ ಕೈಯ ಬ್ಯಾಂಡೇಜು ಹಿಡಿದು, "ನೀನೇನಾ ತಾಯಿ ಬಾಗ್ಲು ತೆಗ್ದೋಳು" ಎಂದು ಅತ್ತಳು. ನಾನು ಹೂಂ ಎಂದೆ.

ಮಧ್ಯೆ ನಿಂತುಹೋದ ಫ್ಯಾನನ್ನು ಮತ್ತೆ ಹಾಕಿದಾಗ ಸ್ವಿಚ್ಚಿನ ಕಿಡಿಯಿಂದಲೇ ಹೊತ್ತಿತೆಂದು ಗೊತ್ತಾಯಿತು. ಎರಡು ದಿನ ಬಿಟ್ಟು ಪರ್ಸನೆಲ್ ಆಫೀಸರ್ ನನ್ನನ್ನು ಕರೆಸಿ, ಒಂದು ಹಾಳೆ ಮುಂದಿಟ್ಟುಕೊಂಡು ಕನ್ನಡದಲ್ಲೇ ಕೇಳಿದರು: "ಸುವರ್ಣಾ, ಬಡಿದ ತಕ್ಷಣ ಬಾಗಿಲು ತೆಗೆದ್ರಾ?"

"ತಕ್ಷಣ ತೆಗೆದೆ ಸರ್. ಯಾಕಂದ್ರೆ ಅದು ನನ್ನ ಕೆಲಸ. ಇಲ್ಲಿ ನೋಡಿ." ಅಂಗೈ ತೋರಿಸಿದೆ. ಚಿಲಕದ ಗುರುತು ಅಡ್ಡಕ್ಕೆ ಮೂಡಿತ್ತು.

ಅವರು ಬರೆದುಕೊಂಡರು. ಮತ್ತೇನೂ ಕೇಳಲಿಲ್ಲ. ಮೆಟ್ಟಿಲಿಳಿದು ಬರುವಾಗ ನನಗೆ ಹೊಳೆಯಿತು: ಉತ್ತರ, ಯಾಕೆ ಎಂಬುದು, ಕಣ್ಣಾರೆ ಕಾಣುವುದು. ಮೇಷ್ಟ್ರು ಕಲಿಸಿದ ಮೂರನ್ನೂ ಇಟ್ಟಿದ್ದೆ. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ನಾನು ಇನ್ನಾವ ಪ್ರಶ್ನೆಗೂ ಉತ್ತರಿಸಿಲ್ಲ. ಪಕ್ಕದ ಬೆಂಚಿನವರನ್ನೂ ಕೇಳಿದರಂತೆ. ನಕ್ಕವರು ಯಾರೂ ನಕ್ಕದ್ದನ್ನು ಹೇಳಲಿಲ್ಲ.

ಮುಂದೂಡಿದ ಪರೀಕ್ಷೆ ಸಂಕ್ರಾಂತಿ ಕಳೆದ ವಾರ ನಡೆಯಿತು. ಆ ಲೆಕ್ಚರರ್ ಹೊರಗಿನವರು. ಬೆಂಕಿಯ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಊರು, ಮನೆ, ಅಣ್ಣ ಎಲ್ಲ ಕೇಳಿದ ಮೇಲೆ ನಾನು ವಾರ್ನಿಶ್ ಕೋಣೆಯ ಪಕ್ಕದ ಬೆಂಚಿನವಳೆಂದು ತಿಳಿದು, ಅವರ ಕಣ್ಣು ಮಿಂಚಿತು. "ಓ! ಆರ್ ಯು ದ ಫ್ರೆಂಡ್ ಹೂ ಸಿಟ್ಸ್ ಔಟ್‌ಸೈಡ್ ದ ಡೋರ್?" ಎಂದರು.

ಪರ್ಸನೆಲ್ ಆಫೀಸರ್ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು.

"ಯಸ್" ಎಂದೆ.

ಲೆಕ್ಚರರ್ ಕಾದರು. ಒಳ್ಳೆಯ ಮನುಷ್ಯ, ತಲೆಯಾಡಿಸಿ ಪ್ರೋತ್ಸಾಹಿಸುತ್ತ ಕಾದರು. ನನಗೆ ಎರಡನೆಯ ಹೆಜ್ಜೆ ಬರಲಿಲ್ಲ.

ಆದರೂ ಪಾಸು ಮಾಡಿದರು. ಮೆಹರುವಿನ ಬೆರಳುಗಳಿಗೆ ಇನ್ನು ಅಳತೆಯ ಸಾಧನ ಹಿಡಿಯಲಾಗದೆಂದು ಖಚಿತವಾದ ಮೇಲೆ, ಮಹಡಿಯ ಮೇಲೆ ಕಿಟಕಿಯ ಪಕ್ಕದ ಅವಳ ಜಾಗ ನನಗೆ ಬಂತು. ಕಾರ್ಖಾನೆ ಮುಚ್ಚುವವರೆಗೆ ಅಲ್ಲೇ ಇದ್ದೆ. ಕೆಳಗಿನ ಕೋಣೆಗೆ ಹೊಸ ಬಾಗಿಲು ಹಾಕಿದರು, ಚಿಲಕವಿಲ್ಲದ್ದು; ಧೂಳಿಗೆಂದು ದಪ್ಪ ಪರದೆಯೊಂದನ್ನು ಇಳಿಬಿಟ್ಟರು. ಮಾಲಿನ ಮೇಲೆ ಧೂಳೇನೂ ಬೀಳಲಿಲ್ಲ. ಅದನ್ನು ತಪಾಸಣೆ ಮಾಡುತ್ತಿದ್ದವಳು ನಾನೇ. ಅರ್ಜಿ ಬರೆಯುವ ಅಗತ್ಯವೇ ಬೀಳಲಿಲ್ಲ.

ಮೇಷ್ಟ್ರ ಬಳಿ ಒಮ್ಮೆ ಹೋದೆ. ಎಲ್ಲವನ್ನೂ ಹೇಳಬೇಕೆಂದೇ ಹೋದದ್ದು. ಅವರಾಗಲೇ ಕೇಳಿ ತಿಳಿದಿದ್ದರು. "ಅವತ್ತು ಅವಳಿಗೆ, ನಿನಗೆ ಬಿಟ್ಟಿದ್ದು ಅಂದ್ನಲ್ಲಮ್ಮ, ಹಾಗನ್ನಬಾರದಿತ್ತು ನಾನು" ಎಂದು ಒಳಗೆ ಹೋಗಿ, ಬಹಳ ಹೊತ್ತು ಹೊರಗೆ ಬರಲಿಲ್ಲ. ನೋಟ್‌ಬುಕ್ಕಿನ ಆ ಬರಹ ನನ್ನದು ಎಂದು ಹೇಳಲು ನಾನೂ ಕಾಯಲಿಲ್ಲ.

ಮೆಹರುವಿನ ಮನೆಗೆ ಮಾತ್ರ ಹೋಗುತ್ತಲೇ ಬಂದಿದ್ದೇನೆ. ಅವಳಿಗೆ ಮದುವೆಯಾಯಿತು, ಮಕ್ಕಳಾದರು, ಗಂಡ ತೀರಿಕೊಂಡರು. ಟೀ ಲೋಟವನ್ನು ಎರಡು ಅಂಗೈಗಳ ನಡುವೆ ಹಿಡಿಯುತ್ತಾಳೆ. ಎಲ್ಲ ವಿಷಯ ಮಾತಾಡುತ್ತೇವೆ. ಅಂದು ಬಾಗಿಲು ತೆಗೆಯಲು ಯಾಕೆ ತಡವಾಯಿತು ಎಂಬುದೊಂದನ್ನು ಅವಳು ಕೇಳಿಲ್ಲ. ಬಾಗಿಲ ಆಚೆಯಿಂದ ನಾನು ಇಂಗ್ಲಿಷಿನಲ್ಲಿ ಹೇಳಿದ್ದು ಅವಳಿಗೆ ಕೇಳಿಸಿತ್ತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದರೆ ಹೇಳಲು ಉತ್ತರವನ್ನು ಸಿದ್ಧಪಡಿಸಿ ಇಟ್ಟುಕೊಂಡಿದ್ದೇನೆ. ನಲವತ್ತು ವರ್ಷದಿಂದ ಅದನ್ನು ತಿದ್ದುತ್ತಿದ್ದೇನೆ.

ಆ ದಿನ ರಿವೈಂಡಿಂಗ್ ಅಂಗಡಿಯ ವಾಸನೆಯನ್ನು ಸೆರಗಿನಲ್ಲೇ ಹೊತ್ತು ಅವಳ ಮನೆಯ ಮುಂದೆ ನಿಂತೆ. ಕರೆಗಂಟೆ ಕೆಟ್ಟಿತ್ತು. ಬಾಗಿಲು ಬಡಿದೆ. ಮೂರು ಸಲ, ನನ್ನ ಕೈಗೆ ಬೇರೆ ಲೆಕ್ಕ ಬರುವುದಿಲ್ಲ.

"ಬಂದೆ, ಬಂದೆ" ಎಂದು ಒಳಗಿನಿಂದ ಅವಳ ದನಿ. ಚಪ್ಪಲಿಯ ಸದ್ದು ಬಾಗಿಲವರೆಗೂ ಬಂತು. ಆಮೇಲೆ ಒಳಗಿನ ಚಿಲಕದ ಮೇಲೆ ಬಾಗದ ಬೆರಳುಗಳು ಜಾರುವ ಸದ್ದು. ಒಂದು ಸಲ, ಎರಡು ಸಲ. ನಾನು ಹೊರಗೆ ನಿಂತಿದ್ದೆ. ಬಾಗಿಲ ಈಚೆ ಬೀದಿ, ಗಾಳಿ, ತರಕಾರಿಯವನ ಕೂಗು ಎಲ್ಲವೂ ಇತ್ತು. ಆದರೂ ಮುಚ್ಚಿದ ಬಾಗಿಲಿನ ಮುಂದೆ ಅಷ್ಟು ಹೊತ್ತು ಎಂದರೆ ಎಷ್ಟು ಹೊತ್ತು ಎಂದು ನನ್ನ ಎದೆಗೆ ತಿಳಿಯಿತು. ನನಗೇ ಗೊತ್ತಿಲ್ಲದೆ ಬಾಯಿ ಆ ಹಳೆಯ ಉತ್ತರವನ್ನು ಗುನುಗುತ್ತಿತ್ತು. ಕ್ಲೀನ್ ಅಂಡ್ ಸೇಫ್‌ವರೆಗೆ ಬಂದಾಗ ಬಾಗಿಲು ತೆರೆಯಿತು.

"ತಡ ಆಗೋಯ್ತು ಗದಗು, ಈ ಕೈ ನೋಡು, ಮಾತೇ ಕೇಳಲ್ಲ" ಎಂದಳು.

"ಪರವಾಗಿಲ್ಲ" ಎಂದೆ.

ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ನಾನು ಹೊಸ್ತಿಲ ಮೇಲೇ ನಿಂತೆ. ನಾನು ಅಷ್ಟು ಸುಲಭವಾಗಿ ಹೇಳಿಬಿಟ್ಟ ಆ ಒಂದು ಪದವನ್ನೇ ಇಷ್ಟು ವರ್ಷ ಅವಳ ಬಾಯಿಂದ ಕೇಳಲು ಬರುತ್ತಿದ್ದೆ.